ಹಾಲು ಸೇರದವರು

ಮದುವೆಯ ಮರುದಿನ ಮದುಮಗನು ಮದುಮಗಳನ್ನು ಎತ್ತಿಕೊಂಡು ದೇವರಮನೆಯ ಹೊಸ್ತಿಲು ದಾಟಬೇಕು. ಕುಮುದಿನಿಯ ತವರಿನ ಪದ್ಧತಿ ಅದು. ಬದಾಮಿಯ ತವರುಮನೆಯ ಪಡಸಾಲೆಯಲ್ಲಿ ಪಂಢರೀನಾಥ ಅವಳನ್ನು ಎತ್ತಿದ. ಹೊಸ್ತಿಲು ಇನ್ನೂ ದೂರವಿರುವಾಗಲೇ ಮೊಣಕಾಲು ನಡುಗಿತು. ಇಳಿಸಲೇಬೇಕಾಯಿತು.

ಹೆಂಗಸರು ಗೊಳ್ಳೆಂದು ನಕ್ಕರು. "ಅಳಿಯಂದ್ರು ಬಿ.ಎ. ಪುಸ್ತಕಾ ಬಿಟ್ಟು ಬ್ಯಾರೆ ಏನೂ ಎತ್ತಿಲ್ಲ ಕಾಣಸ್ತದ" ಎಂದಳು ಹುಡುಗಿಯ ಸೋದರತ್ತೆ.

ಕುಮುದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೇ ಹೊಸ್ತಿಲು ದಾಟಿದಳು. ಅವಳ ಹೆಗಲು ಸಣ್ಣಗೆ ಅಲುಗುತ್ತಿತ್ತು.

ಇವಳೂ ನಕ್ಕಳು, ಎಂದುಕೊಂಡ ಪಂಢರೀನಾಥ.

ಆ ನಗುವನ್ನು ಅವನು ಬಾಗಲಕೋಟೆಯವರೆಗೂ ಹೊತ್ತು ತಂದ. ಸಂಸಾರ ಶುರುವಾಯಿತು. ಅವಳು ನೀರು ಕೊಡುವಾಗ ಬೆರಳು ತಾಗುತ್ತಿತ್ತು, ಕಣ್ಣು ಒಂದು ಕ್ಷಣ ನಿಂತು ಕೆಳಗಿಳಿಯುತ್ತಿತ್ತು. ಅವನು ಮಾತ್ರ ತನ್ನ ತೆಳ್ಳಗಿನ ತೋಳನ್ನು ಅಂಗಿಯೊಳಗೆ ಎಳೆದುಕೊಳ್ಳುತ್ತಿದ್ದ.

ಊರಿನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ಅವನು ಇತಿಹಾಸ ಕಲಿಸುತ್ತಿದ್ದ ಶಾಲೆಗೆ ಸಂಗಯ್ಯ ಎಂಬ ಡ್ರಿಲ್ ಮಾಸ್ತರ ಬಂದ. ಮದ್ರಾಸಿನಲ್ಲಿ ಕಲಿತು ಬರುವಾಗ ಬೇಸ್‌ಬಾಲ್ ಎಂಬ ಆಟವನ್ನೂ, ಎರಡು ಉರುಟು ಬ್ಯಾಟುಗಳನ್ನೂ ತಂದಿದ್ದ. ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡಿ ಬೆಳೆದ ಊರಿಗೆ ಅದು ಬೇಗನೇ ಹಿಡಿಸಿತು. ಪಂಢರೀನಾಥನ ಕಣ್ಣು ಚುರುಕು. ಚೆಂಡು ಎಷ್ಟೇ ಜೋರಾಗಿ ಬಂದರೂ ಬ್ಯಾಟಿಗೆ ಸಿಗುತ್ತಿತ್ತು. ಆದರೆ ಸಿಕ್ಕ ಚೆಂಡು ದೂರ ಹೋಗುತ್ತಿರಲಿಲ್ಲ.

"ಹೊಡ್ತ ಛಲೋ ಐತ್ರಿ ಮಾಸ್ತರ, ಮೈಯಾಗ ತೂಕಿಲ್ಲ. ಚೆಂಡಿಗಿ ನಿಮ್ಮ ಅಂಜಿಕೀನ ಇಲ್ಲ" ಎಂದ ಸಂಗಯ್ಯ. "ಮೈ ತುಂಬಿದ್ರ ಹುಬ್ಬಳ್ಳಿ ಮ್ಯಾಚಿಗಿ ಕರಕೊಂಡ ಹೊಕ್ಕೇನಿ."

ಮರುದಿನದಿಂದ ಗರಡಿಮನೆ. ದಂಡ, ಬೈಠಕ್ಕು, ಗದೆ ತಿರುಗಿಸುವುದು, ಗುಂಡಗಿನ ಸಂಗ್ರಾಣಿ ಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತುವುದು. ಊಟದ ವಿಷಯದಲ್ಲಿ ಸಂಗಯ್ಯ ಇನ್ನೂ ಕಟ್ಟುನಿಟ್ಟು. ನೆನೆಸಿದ ಕಡಲೆ, ಶೇಂಗಾ, ಬೆಲ್ಲ, ರೊಟ್ಟಿಯ ಮೇಲೆ ಮುದ್ದೆ ಬೆಣ್ಣೆ, ಎರಡು ಹೊತ್ತು ಬಟ್ಟಲು ತುಂಬ ಹಾಲು. "ಮತ್ತ ಎಲಿಯಾಗ ಒಂದ ಅಗಳೂ ಬಿಡಬ್ಯಾಡ್ರಿ."

ಮನೆಯಲ್ಲಿದ್ದದ್ದು ಒಂದೇ ಎಮ್ಮೆ. ತಾಯಿ ತುಳಸೀಬಾಯಿ ಮಗನಿಗೊಂದು ಪಾಲು, ಸೊಸೆಗೊಂದು ಪಾಲು ಹಾಲು ತೆಗೆದಿಡುತ್ತಿದ್ದರು. ಆದರೂ ಅವನ ಬಟ್ಟಲು ದಿನೇ ದಿನೇ ದೊಡ್ಡದಾಯಿತು.

"ನಿನಗಿಲ್ಲೇನು?" ಎಂದು ಕೇಳಿದ ಒಮ್ಮೆ.

"ನನಗ ಹಾಲು ಸೇರೂದಿಲ್ರೀ."

ಅವಳ ಅಣ್ಣ ಅಮೀನಗಡದಲ್ಲಿ ಬಸ್ಸಿಳಿದು ಅವಳಿಗೆಂದೇ ಕರದಂಟು ಕೊಂಡು ತಂದ. ಅದೂ ಇವನ ಮುಂದೆಯೇ ಬಂತು. "ಅಂಟು ಹಲ್ಲಿಗೆ ಹತ್ತತದ, ನಾ ಒಲ್ಲೆ" ಎಂದಳು. ಅವನು ನಂಬಿದ. ನಂಬುವುದು ಸುಲಭವಾಗಿತ್ತು, ರುಚಿಯಾಗಿಯೂ ಇತ್ತು.

ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಗಂಡನ ಎಲೆಯಲ್ಲೇ ಹೆಂಡತಿ ಬಡಿಸಿಕೊಳ್ಳಬೇಕು. ಅವಳಿಗೆಂದು ಗಂಡ ಅದರಲ್ಲಿ ಏನಾದರೂ ಉಳಿಸಿ ಏಳುತ್ತಾನೆ. ಪಂಢರೀನಾಥ ಎಲೆಯನ್ನು ಒರೆಸಿದಂತೆ ಉಂಡು ಏಳುತ್ತಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ ಅಂಗಿಯ ತೋಳು ಬಿಗಿಯಾಯಿತು. ಗದಗಿನಿಂದ ಬಂದ ಹುಡುಗರೊಂದಿಗೆ ಆಡಿದ ದಿನ ಅವನು ಹೊಡೆದ ಚೆಂಡು ಹುಣಸೆಮರಗಳನ್ನು ದಾಟಿ ಹೋಯಿತು.

"ಹುಬ್ಬಳ್ಳಿ ಪಕ್ಕಾ ಆತ್ರಿ ಮಾಸ್ತರ!" ಎಂದು ಸಂಗಯ್ಯ ಕೂಗಿದ.

ಮನೆಗೆ ಬಂದಾಗ ತಾಯಿ ಗುಡಿಗೆ ಹೋಗಿದ್ದರು. ಕುಮುದಿನಿ ಒಲೆಯ ಮುಂದಿದ್ದಳು. ಅವನು ಹಿಂದಿನಿಂದ ಹೋಗಿ ಅವಳನ್ನು ಎತ್ತಿಬಿಟ್ಟ.

"ಇಳಸ್ರೀ, ಅತ್ಯಾ ಬಂದ್ರ?"

"ಬರ್ಲಿ. ಬದಾಮಿಯವರೆಲ್ಲಾ ಬರ್ಲಿ, ನೋಡ್ಲಿ."

ದೇವರಮನೆಯ ಹೊಸ್ತಿಲು ದಾಟಿಸಿದ. ಉಸಿರು ಕೂಡ ಏರಲಿಲ್ಲ. "ಸಂಗ್ರಾಣಿ ಕಲ್ಲಿನ ಮುಂದ ನೀ ಏನೂ ಅಲ್ಲ" ಎಂದು ಅವಳ ಕಿವಿಯಲ್ಲಿ ನಕ್ಕ. ಅವಳು ಅವನ ಮುಖವನ್ನು ನೋಡಿದಳು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳು ನೋಡಿದ್ದು ಅದೇ ಮೊದಲು. ಆಮೇಲೆ ಅವನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಬಳೆಗಾರ್ತಿ ಶಮಶಾದಬಿ ಬಂದಳು. ಪಂಢರೀನಾಥ ಗೆಲುವಿನ ಹುಮ್ಮಸ್ಸಿನಲ್ಲಿ ಕಟ್ಟೆಯ ಮೇಲೆ ತಾನೂ ಕುಳಿತ. "ಹಸರು ಬಳಿ ಇಡ್ರಿ. ಮನಿ ತುಂಬಿಸಿಕೊಂಡಾಗ ಇಟ್ಟಿದ್ರಲ್ಲಾ, ಅದ ಅಳತಿ."

ಶಮಶಾದಬಿ ಕುಮುದಿನಿಯ ಕೈ ಹಿಡಿದು ಹಿಸುಕಲು ಹೋದಳು. ಹಿಸುಕುವ ಕೆಲಸವೇ ಬೀಳಲಿಲ್ಲ. ಬಳೆ ಬೆರಳು ದಾಟಿತು, ಮುಂಗೈ ದಾಟಿತು, ಕೈ ಎತ್ತಿದರೆ ಸರ್ರನೆ ಮೊಣಕೈಗೆ ಹೋಗಿ ನಿಂತಿತು.

"ಅಯ್ಯ ಬಾಯಾರ! ಮನಿ ತುಂಬಿಸಿಕೊಂಡಾಗ ಈ ಕೈಗಿ ಬಳಿ ಏರಸಾಕ ನನ್ನ ಕೈ ಬಿದ್ದ ಹೋಗಿತ್ತ. ಈಗ ಸಣ್ಣ ಹುಡಿಗ್ಯಾರ ಬಳಿ ತಗೀಬೇಕ ನಾ." ಅವಳು ಪಂಢರೀನಾಥನ ಕಡೆ ಕಣ್ಣು ಹೊರಳಿಸಿದಳು. "ಮಾಸ್ತರ ನೋಡಿದ್ರ ಹಿಂಗ ಉಬ್ಬ್ಯಾರ. ಸೊಸಿ ಪಾಲಿಂದೂ ಇವರ ಉಣ್ತಾರೇನ್ರಿ?"

ತುಳಸೀಬಾಯಿ ನಕ್ಕರು. ಶಮಶಾದಬಿಯೂ ನಕ್ಕಳು. ಕುಮುದಿನಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಪಂಢರೀನಾಥ ಎದ್ದು ಒಳಗೆ ಹೋದ.

ದೇವರಮನೆಯ ಹೊಸ್ತಿಲ ಬಳಿ ನಿಂತ. ನಿನ್ನೆ ಈ ಹೊಸ್ತಿಲಿನ ಮೇಲೆ ಅವಳು ಹೂವಿನ ಹಾಗೆ ಹಗುರವಾಗಿದ್ದಳು. ತನ್ನ ತೋಳಿನ ಬಲವೆಂದು ಅವನು ಬೀಗಿದ್ದ. ಈಗ ಆ ತೋಳನ್ನು ನೋಡಿಕೊಳ್ಳಲು ನಾಚಿಕೆಯಾಯಿತು. ಅದರಲ್ಲಿ ತನ್ನದೆಷ್ಟು, ಅವಳದೆಷ್ಟು? ಒಂದೇ ಮನೆಯಲ್ಲಿದ್ದು, ದಿನಕ್ಕೆರಡು ಸಲ ಅವಳ ಕೈಯಿಂದಲೇ ಬಟ್ಟಲು ಇಸಿದುಕೊಂಡು, ಆ ಕೈಯನ್ನೇ ಅವನು ನೋಡಿರಲಿಲ್ಲ.

ಸಂಜೆ ಊಟಕ್ಕೆ ಕುಳಿತ. ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನು ಎಲೆಯ ಅಂಚಿಗೆ ಸರಿಸಿದ. ಹಾಲಿನ ಬಟ್ಟಲನ್ನು ಮುಟ್ಟಲೇ ಇಲ್ಲ.

"ಯಾಕೋ ಪಂಢರಿ, ಹಾಲು ಬಿಟ್ಟಿ?" ತುಳಸೀಬಾಯಿ ಕೇಳಿದರು.

"ನನಗ ಹಾಲು ಸೇರೂದಿಲ್ಲ, ಅವ್ವಾ."

"ಇದೇನೋ? ಯಾವಾಗಿಂದ?"

"ಇವತ್ತಿಂದ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಅವನು ಕೈತೊಳೆದು ಹಿತ್ತಲಿನ ತುಳಸಿಕಟ್ಟೆಯ ಬಳಿ ನಿಂತಿದ್ದ. ಅವಳು ಬಟ್ಟಲನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದಳು.

"ಕುಡೀರಿ. ಹುಬ್ಬಳ್ಳಿಗೆ ಹೋಗೋರು."

"ನಿನಗ ಹಾಲು ಖರೇನ ಸೇರೂದಿಲ್ಲೇನು?"

ಅವಳು ಬಟ್ಟಲಿನೊಳಗೆ ನೋಡಿದಳು. ಎಮ್ಮೆ ಒಮ್ಮೆ ಕಿವಿ ಬಡಿಯಿತು.

"ಸಣ್ಣಾಕಿದ್ದಾಗಿಂದ ಭಾಳ ಸೇರತದ್ರೀ" ಎಂದಳು ಕೊನೆಗೆ.

"ಮತ್ತ್ಯಾಕ ಹಿಂಗ ಮಾಡಿದಿ? ನಾ ಎತ್ತಲಾರದಾಗ ನೀನೂ ನಕ್ಕಿದ್ದಿ. ಅದಕ್ಕ ನಾ ಇಷ್ಟೆಲ್ಲಾ..."

"ನಕ್ಕಿದ್ನೇ?" ಅವಳು ಬಟ್ಟಲಿನಿಂದ ಕಣ್ಣೆತ್ತಿದಳು. "ಅಳು ಬಂದಿತ್ರೀ ನನಗ. ಎಲ್ಲಾರ ಮುಂದ ನಿಮಗ ಭಾರಾದೆ, ನನ್ನಿಂದ ನಿಮ್ಮ ಮಾನ ಹೋತು ಅಂತ. ಇನ್ನೊಮ್ಮೆ ನೀವು ಎತ್ತೋ ಹೊತ್ತಿಗೆ ಹಗರಾಗಬೇಕು ಅಂತ..."

ಸೆರಗಿನ ಹಿಂದೆ ಅಲುಗಿದ ಆ ಹೆಗಲು ಅವನ ಕಣ್ಣಿಗೆ ಕಟ್ಟಿತು. ಅಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿರಲಿಲ್ಲ. ನಾಚಿಕೆಯಿಂದ ಅವನ ತಲೆ ಏಳಲಿಲ್ಲ. ಬಟ್ಟಲನ್ನು ಹಿಡಿದಿದ್ದ ಅವಳ ಕೈಗಳನ್ನು ತನ್ನೆರಡು ಕೈಗಳಲ್ಲಿ ಹಿಡಿದು ಅವಳ ತುಟಿಯವರೆಗೆ ಎತ್ತಿದ.

"ಕುಡಿ. ಪೂರಾ."

"ನಿಮಗ?"

"ಸೇರೂದಿಲ್ಲ ಅಂದೆನಲ್ಲ?"

ಅವಳು ಕುಡಿದಳು. ಮೇಲ್ದುಟಿಯ ಮೇಲೆ ಬಿಳಿಯ ಗೆರೆ ಉಳಿಯಿತು. ಅದನ್ನು ಒರೆಸಿಕೊಳ್ಳದೆ, ಕಣ್ಣಲ್ಲಿ ನೀರಿದ್ದಂತೆಯೇ ನಕ್ಕಳು. ಅವಳ ನಗು ಹೇಗಿರುತ್ತದೆಂದು ಅವನಿಗೆ ಈಗ ಗೊತ್ತಾಯಿತು.

ಹುಬ್ಬಳ್ಳಿಗೆ ತಂಡ ಹೋದಾಗ ಪಂಢರೀನಾಥ ಅದರಲ್ಲಿ ಇರಲಿಲ್ಲ. "ಮೈ ಇಳೀತಲ್ರಿ ಮಾಸ್ತರ, ಮತ್ತ ಚೆಂಡ ನಿಮಗ ಅಂಜವಲ್ದು" ಎಂದು ಸಂಗಯ್ಯ ಬೇಸರಪಟ್ಟ. ಇವನು ಕಾರಣ ಹೇಳಲಿಲ್ಲ. ಗರಡಿಮನೆಗೆ ಹೋಗುವುದನ್ನು ಬಿಡಲಿಲ್ಲ. ಎಲೆಯಲ್ಲಿ ಉಳಿಸಿ ಏಳುವುದನ್ನೂ ಬಿಡಲಿಲ್ಲ.

ದೀಪಾವಳಿಗೆ ಶಮಶಾದಬಿ ಮತ್ತೆ ಬಂದಳು. ಕಟ್ಟೆಯಿಂದ ಕುಮುದಿನಿಯ ಧ್ವನಿ ಕೇಳಿಸಿತು: "ಹಗೂರ ಶಮಶಾದಬೀ, ನೋವಾಗ್ತದ!" ಒಳಗೆ ಪುಸ್ತಕ ಹಿಡಿದು ಕುಳಿತಿದ್ದ ಪಂಢರೀನಾಥನಿಗೆ ಅಕ್ಷರ ಕಾಣದಾಯಿತು.

ಬಳೆಗಾರ್ತಿ ಹೋದ ಮೇಲೆ, ತಾಯಿ ಹಿತ್ತಲಿನಲ್ಲಿದ್ದಾಗ, ಅವನು ಅವಳನ್ನು ಎತ್ತಿದ. ಹಸಿರು ಬಳೆಗಳು ಅವನ ಕತ್ತಿನ ಹಿಂದೆ ಕಿಣಿಗುಟ್ಟಿದವು. ಮೊಣಕಾಲು ನಡುಗಿತು. ಹೊಸ್ತಿಲು ಇನ್ನೂ ದೂರವಿತ್ತು.

"ಭಾರಾದೆನ್ರೀ?" ಎಂದಳು ಅವಳು, ಇಳಿಯದೆ.

"ಭಾಳ" ಎಂದ ಅವನು, ಇಳಿಸದೆ. "ಭಾಳ ಭಾರ ಇದ್ದಿ."