ಏಳನೇ ಇಯತ್ತೆ ಕಲಿತಾಕಿ

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಚಪ್ಪಲಿಗಳನ್ನು ಬಾಳವ್ವ ಒಂದೊಂದಾಗಿ ಜೋಡಿಸಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ಸಂದರ್ಶನಕ್ಕೆ ಕರೆಯುವವರೆಗೆ ಕೈಕಟ್ಟಿ ಕೂತಿರಲು ಅವಳಿಗೆ ಆಗಲಿಲ್ಲ, ಅಷ್ಟೇ.

ಬಾಗಿಲು ತೆರೆಯಿತು.

"ಅದು... ನಂದು."

ತಲೆ ಎತ್ತಿದಳು. ಕಳಕಪ್ಪ!

ಹೋದ ವರ್ಷ, ಎಂಬತ್ತೇಳರಲ್ಲಿ, ಇಳಕಲ್ಲಿನ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. "ನಮ್ಮ ಹುಡುಗಿ ಮ್ಯಾಟ್ರಿಕ್ ಆಗ್ಯಾಳ್ರಿ" ಎಂದು ಅಪ್ಪ ಅಂದು ಸುಳ್ಳು ಹೇಳಿದ್ದ. ಏಳನೇ ಇಯತ್ತೆಗೇ ಸಾಲಿ ಬಿಟ್ಟು, ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಕೂತ ಬಾಳವ್ವ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಗಂಡಿನ ಕಡೆಯಿಂದ ಮಾತೇ ಬರಲಿಲ್ಲ.

'ಖರೆ ಗೊತ್ತಾಗಿರಬೇಕು...' ಎಂದು ಒಳಗೊಳಗೇ ಕುಗ್ಗಿದ್ದಳು.

ಈಗ ಅವನ ಚಪ್ಪಲಿ ಅವಳ ಕೈಯಲ್ಲಿ!

"ನೀವು... ಇಲ್ಲಿ?" ಎಂದ.

ಅಷ್ಟರಲ್ಲಿ ಒಳಗಿಂದ ಅವಳ ಹೆಸರು ಕರೆದರು.

ವಿದ್ಯಾಗಿರಿ ಬಡಾವಣೆಯ ಆ ಕಂಪನಿ ಒಂದೇ ಕೋಣೆಯಲ್ಲಿ ಶುರುವಾಗಿ ಈಗ ಪಕ್ಕದ ಮನೆಯನ್ನೂ ಬಾಡಿಗೆಗೆ ಹಿಡಿದಿತ್ತು. ಸಹಕಾರಿ ಸಂಘಗಳ ಲೆಕ್ಕಕ್ಕೆ ಅಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. ಕಂಪ್ಯೂಟರಿಗೆ ಹೆಸರು, ಅಂಕಿ ತುಂಬಲು ಚುರುಕು ಬೆರಳಿನವರು ಬೇಕಿತ್ತು. ಇಳಕಲ್ಲಿನ ಟೈಪಿಂಗ್ ಕ್ಲಾಸಿನ ಜೋಹರಾ ಟೀಚರ್ ಅವಳನ್ನು ಕಳಿಸಿದ್ದರು.

ಒಳಗೆ ಮಾಲೀಕರಾದ ಗುರಲಿಂಗಪ್ಪ, ಲೆಕ್ಕಪತ್ರ ನೋಡುವ ಹುಲ್ಲಪ್ಪ, ಅವರ ಪಕ್ಕಕ್ಕೆ ಬಂದು ಕೂತ, ಅಲ್ಲೇ ಪ್ರೋಗ್ರಾಮ್ ಬರೆಯುವ ಕಳಕಪ್ಪ. ಸಾಲಾಗಿ ಕೂತು ತನ್ನನ್ನೇ ನೋಡುವ ಗಂಡಸರ ಮುಂದೆ ಹೇಗಿರಬೇಕು? ಬಾಳವ್ವನಿಗೆ ಗೊತ್ತಿದ್ದುದು ಒಂದೇ ರೀತಿ. ತಲೆ ಮೇಲೆ ಸೆರಗು ಹೊದ್ದು, ಮೂವರ ಕಾಲಿಗೂ ಬಗ್ಗಿ ನಮಸ್ಕರಿಸಿ, ನೆಲದ ಮೇಲೆ ಕೂತೇಬಿಟ್ಟಳು!

ಹುಲ್ಲಪ್ಪ ಗೊಳ್ಳೆಂದು ನಕ್ಕ. "ಏನವಾ ತಂಗಿ, ಹೆಣ್ಣ ನೋಡಾಕ ಬಂದಾರಂತ ತಿಳದೇನು? ಮತ್ತ ಅವಲಕ್ಕಿ ಎಲ್ಲೈತಿ?"

ಗುರಲಿಂಗಪ್ಪನವರಿಗೂ ನಗು ತಡೆಯಲಾಗಲಿಲ್ಲ.

ಬಾಳವ್ವ ಕಳ್ಳಗಣ್ಣಿನಿಂದ ಕಳಕಪ್ಪನತ್ತ ನೋಡಿದಳು. ಅವನು ತಲೆ ತಗ್ಗಿಸಿದ್ದ. ಅವಳ ಕಿವಿಯವರೆಗೂ ಬಿಸಿ ಏರಿತು. 'ನನ್ನಿಂದ ಇವರಿಗೂ ತಲಿ ತಗ್ಗಿಸೂ ಹಂಗಾತು...'

"ನಗಬ್ಯಾಡೋ ಹುಲ್ಲಪ್ಪ. ಮ್ಯಾಲ ಕುಂದರವಾ," ಎಂದರು ಗುರಲಿಂಗಪ್ಪ. "ಎಷ್ಟ ಕಲ್ತೀ?"

ಅಪ್ಪನ ಸುಳ್ಳು ನಾಲಗೆಯ ತುದಿಗೆ ಬಂತು. ಅಂದು ಅದನ್ನು ಕೇಳಿಸಿಕೊಂಡವನೇ ಎದುರಿಗಿದ್ದಾನೆ!

"ಏಳನೇ ಇಯತ್ತೆ ಅಷ್ಟರಿ... ಮ್ಯಾಟ್ರಿಕ್ ಅಲ್ರಿ."

ಮ್ಯಾಟ್ರಿಕ್ ಮಾತನ್ನು ಯಾರೂ ಎತ್ತಿರಲಿಲ್ಲ. ಕಳಕಪ್ಪ ಮಾತ್ರ ಗಕ್ಕನೆ ತಲೆ ಎತ್ತಿದ.

ಕಂಪ್ಯೂಟರಿನ ಮುಂದೆ ಅವಳ ಬೆರಳು ಮೊದಲು ಅಕ್ಷರ ಹುಡುಕಿದವು. ಆಮೇಲೆ ತಾವಾಗಿಯೇ ಓಡಿದವು.

"ಸೋಮವಾರದಿಂದ ಬಾರವಾ," ಎಂದರು ಗುರಲಿಂಗಪ್ಪ.

ಖುಷಿಪಡಲೂ ಆಗದೆ ಅವಳು ಹೊರಗೆ ಬಂದಳು.

"ಬಾಳವ್ವಾ..."

ಅಂಗಳದ ಬೇವಿನ ಗಿಡದವರೆಗೂ ಅವನು ಹಿಂದೆಯೇ ಬಂದಿದ್ದ.

"ನಾಚಿಕಿ ಆತಲ್ರಿ ನಿಮಗ? ಇಂಥಾಕಿನ್ನ ನೋಡಾಕ ಹೋಗಿದ್ನಲ್ಲಾ ಅಂತ..."

"ನಾಚಿಕಿ ಖರೆ. ಆದ್ರ ನಿಂದಲ್ಲ, ನಂದು." ಅವನ ದನಿ ಒಡೆಯಿತು. "ಅವತ್ತ ನಮ್ಮ ಕಾಕಾ ನನ್ನ ಇಂಜಿನಿಯರ್ ಅಂದ, ನಾ ಸುಮ್ಮನ ಕುಂತೆ. ಫೇಲಾಗಿ ಅರ್ಧಕ್ಕ ಬಿಟ್ಟಾವ ನಾ. ಸುಳ್ಳ ಹೇಳಿ ನಿನ್ನ ಹೆಂಗ ಮನಿ ತುಂಬಿಸಿಕೊಳ್ಳಲಿ? ಅದಕ್ಕ ಮಾತ ಕಳಿಸಲಿಲ್ಲ."

"ಹಂಗಾರ... ನಾ ಕಲ್ತಿಲ್ಲಂತ ಅಲ್ಲ?"

"ಅದು ಇವತ್ತ ಗೊತ್ತಾತು. ನೀ ಎಲ್ಲಾರ ಮುಂದ ಹೇಳಿದಿ. ನನಗ ನಿನ್ನೊಬ್ಬಾಕಿ ಮುಂದ ಹೇಳೂ ಧೈರ್ಯ ಆಗಲಿಲ್ಲ."

ಒಂದು ವರ್ಷ! ಇಬ್ಬರೂ ತಂತಮ್ಮ ಸುಳ್ಳಿಗೆ ನಾಚಿ, ಬೇರೆ ಬೇರೆ ಊರಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

"ಮತ್ತೊಮ್ಮೆ ಬರ್ಲೇನು ನಿಮ್ಮ ಮನಿಗೆ?"

"ಯಾತಕ್ಕ್ರಿ?" ಗೊತ್ತಿದ್ದೂ ಕೇಳಿದಳು.

"ನೀನ ಬೇಕು ಅಂತ ಹೇಳಾಕ."

ಬಾಳವ್ವನ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡಳು.

"ನಮ್ಮಪ್ಪಗ ತನ್ನ ಮಾತು ಸುಳ್ಳಾತಂದ್ರ ಭಾಳ ಸಿಟ್ಟು ಬರ್ತೈತ್ರಿ."

"ಎಲ್ಲಾ ನಾ ಹೇಳ್ತೇನಿ ಬಿಡು."

"ಬ್ಯಾಡ್ರಿ. ನನ್ನ ಮಾತು ನಾನ ಹೇಳ್ತೇನಿ."

ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಹೇಳೂವಾಗ ನೀವು ನನ್ನ ಬಾಜೂಕ ಕುಂದರ್ರಿ..."