ಕಲ್ಲಿನ ಮೇಲಿನ ಎರಡು ಕೈಗಳು

ನವೆಂಬರ್ ಹನ್ನೆರಡರ ಬೆಳಿಗ್ಗೆ ಯಹೂದಿ ಧರ್ಮಗುರು ರಬ್ಬಿ ಅಜರ್ಯ ಬೆಹಾರ್ ಸಫೇದ್ ಊರಿನ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಹಳೆಯ ಸಮಾಧಿಭೂಮಿಯಲ್ಲಿರುವ ತಮ್ಮ ಮೂಲಪುರುಷನ ಕಲ್ಲನ್ನು ಯಾರೋ ಅಪರಿಚಿತರು ವಿರೂಪಗೊಳಿಸಿದ್ದಾರೆ, ಕಾವಲುಗಾರ ಫೋನ್ ಮಾಡಿ ತಿಳಿಸಿದ ಎಂಬುದು ದೂರು. ಸ್ಪೇನಿನಿಂದ ಹೊರದೂಡಲ್ಪಟ್ಟು ಬಂದ ಆ ರಬ್ಬಿಯ ಕಲ್ಲಿನಲ್ಲಿ ಅವನ ಹಿಂದಿನ ಐದು ತಲೆಮಾರಿನ ರಬ್ಬಿಗಳ ಹೆಸರುಗಳಿದ್ದವು.

ಇನ್‌ಸ್ಪೆಕ್ಟರ್ ನಿಸ್ಸೀಮ್ ಎಲ್ಕಯಾಮ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ನಾಯಿಫ್‌ನೊಂದಿಗೆ ಸ್ಥಳಕ್ಕೆ ಹೊರಟರು. ಅಜರ್ಯ ಗೇಟಿನಲ್ಲೇ ನಿಂತುಬಿಟ್ಟರು.

"ದೂರು ಕೊಟ್ಟೋರೇ ಹೊರಗೆ ನಿಂತ್ರೆ ಹೆಂಗೆ ಸಾರ್?" ಎಂದ ನಾಯಿಫ್.

"ಅವರು ಕೊಹೆನ್ ಕಣಯ್ಯ, ಪುರೋಹಿತ ವಂಶ. ಸತ್ತೋರ ಜಾಗಕ್ಕೆ ಕಾಲಿಡೋ ಹಾಗಿಲ್ಲ."

"ತಾವೇ ಸತ್ರೆ?"

"ಆಗ ಬರಬಹುದು. ನಡಿ."

ಕಾವಲುಗಾರ ದಾರಿ ತೋರಿಸಿ, ಕಲ್ಲಿನಲ್ಲಿ ಮೊದಲು ಏನಿತ್ತೆಂದು ಹೇಳಿದ. ಪಂಚನಾಮೆಯಲ್ಲಿ ಹೀಗೆ ದಾಖಲಾಯಿತು: ಕೊಹೆನ್ ವಂಶದ ಗುರುತಾದ, ಆಶೀರ್ವದಿಸುವ ಎರಡು ಕೈಗಳ ಕೆತ್ತನೆ ಮತ್ತು ಹೆಸರಿನ ಪಕ್ಕದ ಒಂದೇ ಒಂದು ಪದ ಉಳಿಯಿಂದ ತೆಗೆಯಲ್ಪಟ್ಟಿವೆ. ಉಳಿದ ಸಾಲುಗಳಿಗೆ ಗೀರೂ ಬಿದ್ದಿಲ್ಲ. ಚೂರುಗಳು ಸ್ಥಳದಲ್ಲಿಲ್ಲ. ಕಲ್ಲಿನ ತಲೆಯ ಮೇಲೆ, ಗೌರವಕ್ಕೆಂದು ಇಡುವಂತೆ, ಹೊಸದಾಗಿ ಇಟ್ಟ ಬೆಣಚುಕಲ್ಲು ಒಂದಿದೆ.

"ಪುಂಡರಾದ್ರೆ ಸುಮ್ನೆ ಒಡೀತಾರೆ," ಎಂದರು ಎಲ್ಕಯಾಮ್. "ಇವರು ಓದಿ ಒಡೆದಿದ್ದಾರೆ. ಒಡೆದು ಕ್ಷಮೆನೂ ಕೇಳಿದ್ದಾರೆ."

ಠಾಣೆಗೆ ಮರಳಿದ ಮೇಲೆ ಅಜರ್ಯರ ಹೇಳಿಕೆ ಪಡೆಯಲಾಯಿತು.

"ಆ ಕಲ್ಲು ನಿಮ್ಮ ಮೂಲಪುರುಷರದೇ ಅಂತ ಯಾರಿಗೆ ಗೊತ್ತಿತ್ತು?"

"ಇನ್‌ಸ್ಪೆಕ್ಟರೇ, ನಮ್ಮ ತಾತ ಸಲೋನಿಕಾದಿಂದ ಇಲ್ಲಿಗೆ ಬರುವಾಗ ವಂಶದ ಒಂದು ದಾಖಲೆನೂ ತರಲಿಲ್ಲ. ವರ್ಷಗಟ್ಟಲೆ ಹುಡುಕಿ ನಾನು..."

"ಅದನ್ನ ಕೇಳ್ಲಿಲ್ಲ. ನೀವು ಒಳಗೆ ಹೋಗೋ ಹಾಗಿಲ್ಲ. ಕಲ್ಲಿನ ಫೋಟೋ ತೆಗೆದದ್ದು ಯಾರು?"

ಅಜರ್ಯ ದೂರಿನ ಪ್ರತಿಯನ್ನು ಮಡಚಿದರು.

"ಎಸ್ತ್ರೇಯಾ ಪಾಪೋ. ಶಾಲೆ ಟೀಚರು."

"ನಿಮಗೇನಾಗಬೇಕು?"

"ಅದನ್ನ ಧರ್ಮಪೀಠ ಹೇಳಬೇಕಿತ್ತು."

ಅಜರ್ಯ ಮದುವೆಯಾಗಬೇಕೆಂದಿದ್ದ ಎಸ್ತ್ರೇಯಾ ವಿಚ್ಛೇದಿತೆ. ಕೊಹೆನ್ ಆದವನು ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ. ವಂಶದ ಬಗ್ಗೆ ನಿಜವಾದ ಸಂದೇಹ ತೋರಿಸಿದರೆ ಅನುಮತಿಯನ್ನು ಪರಿಶೀಲಿಸಬಹುದೆಂದು, ಮದುವೆಯ ವಿಷಯ ತೀರ್ಮಾನಿಸುವ ಧರ್ಮಪೀಠ ಹೇಳಿತ್ತು. ಆ ಸಂದೇಹವನ್ನು ಅರಸಿಯೇ ಅಜರ್ಯ ವಂಶಾವಳಿಯ ಬೆನ್ನುಹತ್ತಿದ್ದರು. ಸಿಕ್ಕಿದ್ದು ಸಂದೇಹವನ್ನೇ ಇಲ್ಲವಾಗಿಸುವ ಈ ಕಲ್ಲು. ಫೋಟೋ ಒಂದನ್ನೇ ನಂಬಲಾಗದೆಂದು, ಕಲ್ಲನ್ನು ಕಣ್ಣಾರೆ ನೋಡಲು ಪೀಠದ ಪ್ರತಿನಿಧಿ ಮುಂದಿನ ವಾರ ಬರುವವರಿದ್ದರು.

"ಎಲ್ಲಾ ಗೊತ್ತಿದ್ದೂ 'ಅಪರಿಚಿತರು' ಅಂತ ಬರೆದ್ರಾ?"

"ಅವಳ ಹೆಸರು ಬರೆಯೋಕೆ ಕೈ ಬರಲಿಲ್ಲ."

"ದೂರು ಕೊಡೋಕೆ ಬಂತಲ್ಲ."

ಮಧ್ಯಾಹ್ನ ಪೊಲೀಸರು ಎಸ್ತ್ರೇಯಾಳ ಮನೆಗೆ ಹೋದರು. ಆಕೆ ತಾನೇ ಬಾಗಿಲು ತೆರೆದಳು.

"ಬನ್ನಿ. ಬುರೇಕಾ ಒಲೆಯೊಳಗಿದೆ, ಸೀದುಹೋಗುತ್ತೆ."

"ಉಳಿ ಎಲ್ಲಿದೆಯಮ್ಮ?"

"ಕಪಾಟಲ್ಲಿ, ಚೂರಿನ ಜೊತೆಗೇ. ಪವಿತ್ರ ಅಕ್ಷರ, ಬಿಸಾಡೋಕಾಗುತ್ತಾ?"

ಶಾಲಿನಲ್ಲಿ ಸುತ್ತಿಟ್ಟಿದ್ದ ಚೂರುಗಳನ್ನೂ ಉಳಿಯನ್ನೂ ವಶಕ್ಕೆ ಪಡೆಯಲಾಯಿತು.

"ಯಾಕೆ ಮಾಡಿದ್ರಿ?"

"ಅವರು ಗೇಟಲ್ಲಿ ನಿಂತಿರ್ತಿದ್ರು. ನಾನು ಒಳಗೆ ಹೋಗಿ ಪಾಚಿ ಕೆರೆದು ಒಂದೊಂದೇ ಅಕ್ಷರ ಫೋನಲ್ಲಿ ಓದ್ತಿದ್ದೆ. ಒಂದಿನ ಆ ಕೈಗಳು, ಹೆಸರಿನ ಪಕ್ಕ 'ಕೊಹೆನ್' ಅನ್ನೋ ಪದ ಕಂಡ್ವು. ಏನೂ ಇಲ್ಲ ಅಂದುಬಿಡಬಹುದಿತ್ತು. ಅವರಿಗೆ ಸುಳ್ಳು ಹೇಳೋಕಾಗ್ಲಿಲ್ಲ. ಫೋಟೋ ಕಳಿಸಿದೆ, ಅವರೇ ಅಳಿಸಿಹಾಕ್ತಾರೆ ಅಂದ್ಕೊಂಡೆ. ಅವರು ಅತ್ತುಬಿಟ್ರು ಸಾರ್. ಸಂತೋಷಕ್ಕೆ. ಮಾರನೇ ದಿನ ತಗೊಂಡ್ಹೋಗಿ ಪೀಠಕ್ಕೆ ಕೊಟ್ರು."

ನಾಯಿಫ್ ಬರೆಯುವುದನ್ನು ನಿಲ್ಲಿಸಿದ್ದ. ಎಲ್ಕಯಾಮ್ ಅವನ ಕಡೆ ನೋಡಿದರು. ಅವನು ಮತ್ತೆ ಬರೆಯತೊಡಗಿದ.

"ದೂರು ಕೊಟ್ಟಿದ್ದು ಅವರೇನಾ?"

"ಹೌದಮ್ಮ."

ಆಕೆ ಒಲೆ ಆರಿಸಿದಳು, ತಲೆಗೆ ಬಟ್ಟೆ ಕಟ್ಟಿಕೊಂಡಳು, ಚಪ್ಪಲಿ ಮೆಟ್ಟಿದಳು. ಪುರಾತನ ಸಮಾಧಿಗೆ ಹಾನಿ ಮಾಡಿದ ಆರೋಪದ ಮೇಲೆ ಅಂದೇ ಬಂಧನವಾಯಿತು. ಉದ್ದೇಶದ ಕಾಲಮಿನಲ್ಲಿ ಎಲ್ಕಯಾಮ್ "ವಿವಾಹ" ಎಂದಷ್ಟೇ ಬರೆದರು.

ಸಂಜೆ ಅಜರ್ಯ ಮತ್ತೆ ಠಾಣೆಗೆ ಬಂದರು. ಎಸ್ತ್ರೇಯಾ ಒಳಕೋಣೆಯ ಬೆಂಚಿನ ಮೇಲಿದ್ದಳು. ಬಾಗಿಲು ಅರೆ ತೆರೆದಿತ್ತು.

"ಚೂರುಗಳು ಸಿಕ್ಕಿದವಂತೆ," ಎಂದರು ಅಜರ್ಯ. "ಮತ್ತೆ ಅಂಟಿಸೋಕಾಗುತ್ತಾ?"

"ಕೇಸು ಮುಗಿದ ಮೇಲೆ ಕೇಳಿ, ರಬ್ಬಿ."

"ಎರಡು ಕೈಗಳೂ ಇವೆಯಾ?"

"ಇವೆ."

ಅವರು ದೇವರಿಗೆ ಕೃತಜ್ಞತೆ ಹೇಳಿ, ಸಂಜೆಯ ಪ್ರಾರ್ಥನೆಗೆ ಹೊತ್ತಾಯಿತೆಂದು ಹೊರಟುಹೋದರು. ಬೇರೇನನ್ನೂ ಕೇಳಲಿಲ್ಲ.