ರಾಬಿಯಾಳ ಮಾಳಿಗೆಯ ಬೆಳಕಿಂಡಿ

ದೆವ್ವದ ಮಾತೆತ್ತಿದವರನ್ನು ಬೈದು ಎಬ್ಬಿಸಿ ಕಳಿಸುವವನು ನಾನು. ಆದರೂ ದುಬಲಗುಂಡಿಯಲ್ಲಿ ಆದದ್ದನ್ನು ಹೇಳಲೇಬೇಕು.

ರಾಬಿಯಾಳ ಮಣ್ಣಿನ ಮಾಳಿಗೆಯ ಮೇಲೆ ಸೋಲಾರ್ ಪ್ಯಾನಲ್ ಕೂರಿಸಲು ಹೋಗಿದ್ದೆ. ಅಲ್ಲಿ ಬೇವಿನ ನೆರಳು ಬೀಳದ ಜಾಗವೆಂದರೆ ಚಾವಣಿಯ ಬೆಳಕಿಂಡಿಯ ಮೇಲಷ್ಟೇ. ಆ ಮನೆಗೆ ಕಿಟಕಿಯಿಲ್ಲ. ಹಗಲಿನ ಬೆಳಕೆಲ್ಲ ಆ ಒಂದು ಕಿಂಡಿಯಿಂದಲೇ.

"ಅಣ್ಣಾ, ಅದನ್ನ ಮುಚ್ಚಬ್ಯಾಡ್ರಿ. ನಮ್ಮ ಅತ್ತಿ ಆ ಬಿಸಲಾಗ ಕುಂತು ಜೋಳ ಹಸನ ಮಾಡ್ತಿದ್ರು. ಅವರದಂತ ನನಗ ಉಳಿದದ್ದು ಅದೊಂದ ಜಾಗಾ," ಅಂದಳು.

ನನ್ನ ತಲೆ ಕೆಟ್ಟಿತು. "ಸತ್ತೋರಿಗೆ ಬಿಸಲು ಯಾಕ ಬೇಕವಾ? ಗೋರ್ಯಾಗ ಒಂದು ಬಲ್ಬ್ ಹಾಕಿಸು!" ಅಂದೆ. ನೋಡಲು ನೆರೆದಿದ್ದ ಓಣಿಯವರು ನಕ್ಕರು. ಅವಳು ತಲೆ ತಗ್ಗಿಸಿದಳು.

ಪ್ಯಾನಲ್ ಬಿಗಿದು, ವೈರು ಎಳೆಯಲು ಒಳಗೆ ಬಂದೆ. ಕತ್ತಲೆಯ ನಡುವೆ, ನೆಲದ ಮೇಲೆ ರೊಟ್ಟಿಯಗಲದ ಬಿಸಿಲು ಬಿದ್ದಿತ್ತು. ಮೇಲೆ ನೋಡಿದರೆ ಕಿಂಡಿ ಕಪ್ಪಗಿತ್ತು. ಬಿಸಿಲಿಗೆ ಕೈ ಒಡ್ಡಿದೆ. ಬೆಚ್ಚಗಿತ್ತು, ಆದರೆ ಕೈಯ ನೆರಳು ಬೀಳಲಿಲ್ಲ. ಆಗಷ್ಟೇ ಕೇರಿದ ಜೋಳದ ಧೂಳಿನ ವಾಸನೆ ಬರುತ್ತಿತ್ತು.

ರಾಬಿಯಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲಾಗದೆ ಮಾಳಿಗೆ ಹತ್ತಿ ಪ್ಯಾನಲ್ ಬಿಚ್ಚಿದೆ. ಕೆಳಗಿಳಿದು ಬಂದು, "ತಪ್ಪಾತವಾ," ಅಂದೆ.

ಕಿಂಡಿಯಿಂದ ಈಗ ಬಿಸಿಲು ಬಿದ್ದಿತ್ತು. ಮೊದಲಿನದೂ ಅದರ ಮಗ್ಗುಲಲ್ಲೇ ಇತ್ತು. ರಾಬಿಯಾ ಅದನ್ನು ತೋರಿಸಿ, "ನನಗ ಹೇಳಬ್ಯಾಡ್ರಿ ಅಣ್ಣಾ. ಅವರ ಮುಂದ ಹೇಳ್ರಿ," ಅಂದಳು.

ಆ ಬಿಸಿಲಿನ ಮುಂದೆ ಕೂತು ಕೈ ಮುಗಿದೆ.

ಅಂಗಳದಲ್ಲಿ ಕಂಬ ನೆಟ್ಟು ಪ್ಯಾನಲನ್ನು ಅದರ ಮೇಲೆ ಕೂರಿಸಿ ಬಂದಿದ್ದೇನೆ. ಇವತ್ತಿಗೂ ಆ ಮನೆಯ ನೆಲದ ಮೇಲೆ ಎರಡು ಬಿಸಿಲು ಬೀಳುತ್ತವೆ. ಕಿಂಡಿ ಒಂದೇ.